ಕೀಲಿ ಅಕ್ಕ ಹೊರಟ ದಿನ

ಬೀದಿಯ ಕೊನೆಯ ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡಿ ಬದುಕುವ ಹೆಂಗಸಿಗೆ ಜನ ಇಟ್ಟ ಹೆಸರು ಕೀಲಿ ಅಕ್ಕ. ಗಂಡ ತೀರಿಹೋಗಿದ್ದ, ಮಗಳು ಮದುವೆಯಾಗಿ ದೂರದ ಊರಲ್ಲಿದ್ದಳು. ಅಕ್ಕ ಮನೆ ಬಿಟ್ಟು ಕದಲಿದವಳಲ್ಲ. ಹಾಗಾಗಿ ಯಾರು ಎಲ್ಲಿಗೆ ಹೊರಟರೂ ಮನೆ ಕೀಲಿ ಅವಳ ಕೈಗೆ. ಜನರ ಬುದ್ಧಿವಂತಿಕೆ ನೋಡಿ, ಕಡಲು ಉಕ್ಕಿದರೆ ಮೊದಲು ಮುಳುಗುವುದೇ ಅವಳ ಮನೆ! ಎತ್ತರದಲ್ಲಿರುವ ಮನೆಗಳ ಕೀಲಿಗಳೆಲ್ಲ ಅಲ್ಲೇ ಗೋಡೆಯ ಮೊಳೆಗೆ ನೇತಾಡುತ್ತಿದ್ದವು.

ಚಂಡಮಾರುತ ಬರುತ್ತಿದೆ, ಗುಡ್ಡದ ಶಾಲೆಗೆ ಹೊರಡಿ ಎಂದು ಬೆಳಿಗ್ಗೆ ಮೈಕಿನ ಗಾಡಿ ಕೂಗಿಕೊಂಡು ಹೋಯಿತು. ಟಿ.ವಿ.ಯವರು ಗಾಳಿ ದಿಕ್ಕು ಬದಲಿಸಿದರೂ ಬದಲಿಸೀತು ಅಂದರು. ಮಗಳು ಫೋನಿನಲ್ಲಿ ಗದರಿದಳು. "ಅಮ್ಮಾ, ಸುಮ್ನೆ ಹೊರಡು. ಹಟ ಮಾಡ್ಬೇಡ."

ಅಷ್ಟರಲ್ಲಿ ಪಕ್ಕದ ಮನೆಯ ಮೇಷ್ಟ್ರು ಕೀಲಿ ಹಿಡಿದು ಬಂದರು. "ಹೇಗೂ ನೀವಿರ್ತೀರಲ್ಲ ಅಕ್ಕಾ, ಕಿಟಕಿ ಸ್ವಲ್ಪ ನೋಡ್ಕೊಳ್ಳಿ." ಹಿಂದೆಯೇ ದರ್ಜಿಯ ಹೆಂಡತಿ, "ಬೆಕ್ಕಿಗೆ ಒಂದಿಷ್ಟು ಹಾಲು." ಅವಳ ಹಿಂದೆ ಔಷಧಿ ಅಂಗಡಿಯವನು. ಬಾಯಿ ತೆರೆದರೆ ಅಕ್ಕನಿಗೆ "ಆಯ್ತು" ಅನ್ನುವುದೊಂದೇ ಬರುತ್ತಿತ್ತು. ಆಗಲ್ಲ ಅನ್ನುವ ಮಾತನ್ನು ಈ ಮಹಾತಾಯಿ ಕಲಿತೇ ಇರಲಿಲ್ಲ.

ಬೀದಿ ಖಾಲಿಯಾಯಿತು. ಹೊರಡಲೋ, ಇರಲೋ? ಚೀಲ ತುಂಬಿದಳು, ಖಾಲಿ ಮಾಡಿದಳು, ಮತ್ತೆ ತುಂಬಿದಳು. ಹೋದರೆ ಕೊಟ್ಟ ಮಾತು ತಪ್ಪುತ್ತದೆ, ಇದ್ದರೆ ಜೀವ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ತಲೆ ಓಡದೆ, ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಯಾರದೋ ಅಂಗಿಯ ಸುಕ್ಕು ತೀಡುತ್ತಾ ನಿಂತಳು. "ಏನ್ ಮಾಡ್ತಿದೀನಿ ನಾನು?" ಎಂದು ತನ್ನನ್ನೇ ಕೇಳಿಕೊಂಡಳು. ಆಗ ಮೋರಿಯ ನೀರು ಹಿಮ್ಮುಖವಾಗಿ ಹರಿದು ಹೊಸ್ತಿಲು ದಾಟಿತು. ಪಾದಕ್ಕೆ ತಣ್ಣಗೆ ತಗುಲಿದ್ದೇ ತಡ, ಇಸ್ತ್ರಿ ಆರಿಸಿ, ಕೀಲಿಗಳನ್ನೆಲ್ಲ ಚೀಲಕ್ಕೆ ಸುರಿದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದಳು.

ದೊಡ್ಡ ರಸ್ತೆಯಲ್ಲಿ ಕೊನೆಯ ಬಸ್ಸು ಹೊರಡುವುದರಲ್ಲಿತ್ತು. ಅವಳನ್ನು ಕಂಡು ಕಂಡಕ್ಟರ್ ತಬ್ಬಿಬ್ಬಾದ.

"ಕೀಲಿ ಅಕ್ಕ ಅಂದ್ರೆ ನೀವೇ ಅಲ್ವಾ? ನೀವು ಬರಲ್ಲ ಅಂದ್ರಲ್ಲ ಇವ್ರು. ಅದಕ್ಕೇ ನಿಮ್ಮ ಬೀದಿಗೆ ಮತ್ತೆ ಬರ್ಲಿಲ್ಲ."

"ಯಾರು ಅಂದ್ರು?"

ಒಳಗೆ ಇಡೀ ಬೀದಿಯೇ ಕೂತಿತ್ತು. ಮೇಷ್ಟ್ರು ಎದ್ದು ನಿಂತರು. ಕೂರಲು ಜಾಗ ಕೊಡುತ್ತಾರೆ ಅಂದುಕೊಂಡಳು.

"ಅಲ್ಲ ಅಕ್ಕಾ, ನೀವೂ ಬಂದ್ಬಿಟ್ರೆ ಮನೆಗಳ ಗತಿ?"

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಬರೀ ಗೊಂದಲ. ತಾನೂ ಮುಳುಗುವ ಜೀವ ಎಂದು ಇಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ನೀರು ಕಾಲಿಗೆ ತಗಲುವ ತನಕ ಅವಳಿಗೂ ಹೊಳೆದಿರಲಿಲ್ಲ.

ಮೇಷ್ಟ್ರು ಎದ್ದ ಜಾಗದಲ್ಲಿ ಹೋಗಿ ಕೂತಳು. ಚೀಲದಿಂದ ಕೀಲಿಗಳನ್ನು ತೆಗೆದು ಅವರ ಕೈಗೆ ಹಾಕಿದಳು.

"ಹಾಗಾದ್ರೆ ನೀವು ಇಳೀತೀರಾ ಮೇಷ್ಟ್ರೇ?"

ಕುಹಕದ ಮಾತಲ್ಲ, ಗೊತ್ತಾಗದೆಯೇ ಕೇಳಿದ್ದು. ಬಸ್ಸು ಹೊರಟಿತು. ಗುಡ್ಡ ಹತ್ತುವ ತನಕ ಮೇಷ್ಟ್ರು ನಿಂತೇ ಬಂದರು.