ತಿದ್ದುವ ಅಧಿಕಾರ

ಜಿಗಣಿಯ ಬಿಡಿಭಾಗಗಳ ಕಾರ್ಖಾನೆಯೊಂದು ತನ್ನ ಹಾಜರಿಯನ್ನು ಇಂಟರ್‌ನೆಟ್ಟಿಗೆ ಏರಿಸಿದ ವರ್ಷ ಶೈಲಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗೇಟಿನವರು, ಸೂಪರ್‌ವೈಸರು, ಪೇಟೆಯಲ್ಲಿ ಕೂತ ಮಾಲೀಕರು ಎಲ್ಲರೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಒಂದೇ ಹಾಜರಿ ನೋಡುತ್ತಿದ್ದರು. ಯಾರು ನೋಡಬೇಕು, ಯಾರು ತುಂಬಬೇಕು, ಯಾರು ತಿದ್ದಬೇಕು ಎಂದು ಗೊತ್ತುಮಾಡುವವಳು ಮಾತ್ರ ಲಿಂಗಸುಗೂರಿನಿಂದ ಬಂದ ಈ ಹುಡುಗಿ. ಗೇಟಿನವರಿಗೆ ತುಂಬಲು ಬಿಟ್ಟಳು. ಸೂಪರ್‌ವೈಸರ್ ವಸಂತ್‌ಗೆ ನೋಡಲು ಬಿಟ್ಟಳು. ತಿದ್ದುವ ಅಧಿಕಾರವನ್ನು ತನ್ನೊಬ್ಬಳಲ್ಲೇ ಇಟ್ಟುಕೊಂಡಳು.

ವಸಂತ್ ಬರೀ ಸೂಪರ್‌ವೈಸರ್ ಆಗಿದ್ದರೆ ತೊಂದರೆಯಿರಲಿಲ್ಲ. ಅವಳು ಬಾಡಿಗೆಗಿದ್ದ ಕೋಣೆ ಅವನ ಅಪ್ಪ ನಂಜಪ್ಪನದು. ಅವನ ತಾಯಿ ಹಬ್ಬಕ್ಕೆ ಒಬ್ಬಟ್ಟು ಕಳಿಸುವವರು, ಇವಳಿಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವರು. ಗೇಟಿನವರು ಶಿಫ್ಟ್ ತಪ್ಪಾಗಿ ತುಂಬಿದರೆ ಪ್ರತಿಸಲ ಇವಳಿಗಾಗಿ ಕಾಯಬೇಕು, ತಿದ್ದುವ ಅಧಿಕಾರ ತನಗೂ ಕೊಡಿ ಎಂದು ವಸಂತ್ ಗೊಣಗುತ್ತಿದ್ದ. ನಿಯಮ ಮುರಿಯಲಾರೆ ಎಂದು ಶೈಲಾ ಕಡ್ಡಿ ಮುರಿದಂತೆ ಹೇಳಿದಳು.

“ಅಧಿಕಾರ ಕೊಡ್ಬೇಡಿ ಬಿಡಿ, ನಿಮ್ ಪಾಸ್‌ವರ್ಡ್ ಹೇಳಿ ಸಾಕು. ಮನೆಯೋರ ಹತ್ರಾನೂ ಹಿಂಗಾ?”

ಇದರಲ್ಲಿ ನಿಯಮವೇನೂ ಮುರಿಯಲಿಲ್ಲವಲ್ಲ ಎನ್ನಿಸಿತು ಅವಳಿಗೆ. ಅವನ ಹೆಸರಿನ ಮುಂದೆ ‘ನೋಡಲು ಮಾತ್ರ’ ಎಂದೇ ಇತ್ತು. ಹೇಳಿಬಿಟ್ಟಳು. ದಾಕ್ಷಿಣ್ಯಕ್ಕೆ ಬಸುರಾಗುವುದು ಅಂತ ಹಿರಿಯರು ಸುಮ್ಮನೆ ಆಡಿದ ಮಾತಲ್ಲ.

ಆ ಆಷಾಢದಲ್ಲಿ ಹನುಮೇಶನ ಬಲಗೈ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋಯಿತು. ಶೈಲಾಳ ಸೀಮೆಯವನೇ, ಗುತ್ತಿಗೆಯ ಆಳು. ಕೆಲಸ ಬೇಗ ಸಾಗಲೆಂದು ಕೈ ಒಳಹೋಗದಂತೆ ತಡೆಯುವ ಯಂತ್ರದ ಅಡ್ಡಗಂಬಿ ಬಿಚ್ಚಿಸಿದವನು ವಸಂತ್. ಕಾರ್ಮಿಕ ಅಧಿಕಾರಿಯ ಮುಂದೆ ನಡೆದ ಪರಿಹಾರದ ವಿಚಾರಣೆಯಲ್ಲಿ ಕಂಪನಿ ಬೇರೆಯೇ ಕತೆ ಹೇಳಿತು: ಅಂದು ಅವನ ಪಾಳಿಯೇ ಇರಲಿಲ್ಲ, ಹೇಳದೆ ಕೇಳದೆ ಒಳಹೊಕ್ಕು ಯಂತ್ರ ಮುಟ್ಟಿದ. ಕಣ್ಣಾರೆ ಕಂಡವರೆಲ್ಲ ಗುತ್ತಿಗೆಯವರು, ಹೊಟ್ಟೆಪಾಡಿಗೆ ಹೆದರಿ ತುಟಿ ಬಿಚ್ಚಲಿಲ್ಲ. ಹಾಜರಿ ತೆರೆದು ನೋಡಿದರೆ ಹನುಮೇಶನ ಹೆಸರಿನ ಮುಂದೆ ‘ಪಾಳಿ ಇಲ್ಲ’ ಎಂದು ತಿದ್ದಲಾಗಿತ್ತು. ತಿದ್ದಿದವರ ಹೆಸರು, ಶೈಲಾ.

ಅವಳು ಎದ್ದು ನಿಂತು, ಇದು ವಸಂತ್ ಮಾಡಿದ್ದು ಎಂದಳು. ಅವನು ಕುಳಿತಲ್ಲಿಂದ ಅಲುಗಲಿಲ್ಲ.

“ನಂಗೆ ತಿದ್ದಕ್ಕೆ ಆಗಲ್ಲ ಸಾರ್. ಬರೀ ನೋಡ್ಬೋದು ಅಂತ ಮೇಡಮ್ಮೇ ಇಟ್ಟವ್ರೆ.”

ಅಧಿಕಾರಿ ಪರದೆ ನೋಡಿ ತಲೆಯಾಡಿಸಿದರು. ಪಾಸ್‌ವರ್ಡ್ ಕೊಟ್ಟಿದ್ದೆ ಎಂದರೆ ಅದಕ್ಕೆ ಸಾಕ್ಷಿ ಯಾರು? ಹನುಮೇಶನ ಅರ್ಜಿ ಬಿದ್ದುಹೋಯಿತು. ಸುಳ್ಳು ಹೇಳಿದವನ ಮುಖದಲ್ಲಿ ಒಂದು ಹನಿ ಬೆವರೂ ಇರಲಿಲ್ಲ, ಅವನ ಕೈಗೆ ಸುಳ್ಳನ್ನು ಒದಗಿಸಿದ್ದು ಇವಳ ಪ್ರಾಮಾಣಿಕತೆಯೇ.

ಹೊರಗೆ ಹನುಮೇಶನ ಪಕ್ಕ ಅವನ ಹೆಂಡತಿ ಶೇಖವ್ವ ನಿಂತಿದ್ದಳು. ಶೈಲಾ ಅವಳ ಮುಂದೆ ಅಳುತ್ತ ಎಲ್ಲವನ್ನೂ ಬಿಡಿಸಿ ಹೇಳಿದಳು. ಶೇಖವ್ವ ಬೈಯಲಿಲ್ಲ, ಶಾಪವನ್ನೂ ಹಾಕಲಿಲ್ಲ.

“ನೀ ಮಾಡಿಲ್ಲ ಅಂದ್ರ ನಂಬ್ತೀನವ್ವಾ. ಹಂಗಾರ ಅವಂಗ ಅದನ್ನ ಕೊಟ್ಟಾಕಿ ಯಾರು?”

“ನಾನ,” ಎಂದಳು ಶೈಲಾ.

ಶೇಖವ್ವ ಗಂಡನ ಎಡಗೈ ಹಿಡಿದುಕೊಂಡು ಊರಿನ ಬಸ್ಸಿನ ಕಡೆ ನಡೆದಳು. ನೀನೂ ಬಾ ಎನ್ನಲಿಲ್ಲ.