ಕೆಳಗಿನಿಂದ ಹದಿನಾರನೆಯವರು

ಶಿಕ್ಷಣ ಇಲಾಖೆಯ ಸಾಂಖ್ಯಿಕ ವಿಭಾಗದಲ್ಲಿ ಅವನನ್ನು ಎಲ್ಲರೂ ದಶಾಂಶ ಎಂದೇ ಕರೆಯುತ್ತಿದ್ದರು. ಗಂಟೆ ಎಷ್ಟೆಂದು ಕೇಳಿದರೆ ಹತ್ತೂವರೆ ಎನ್ನದೆ ಹತ್ತು ಇಪ್ಪತ್ತೆಂಟು ಎನ್ನುವ ಆಸಾಮಿ. ಶೇಕಡಾ ಅರವತ್ತೇಳು ಪಾಯಿಂಟ್ ಎಂಟನ್ನು ‘ಸುಮಾರು ಎಪ್ಪತ್ತು’ ಎಂದು ಬರೆದ ಅಧಿಕಾರಿಯೊಬ್ಬರ ಜೊತೆ ಮೂರು ವಾರ ಮಾತು ಬಿಟ್ಟಿದ್ದ. ಅಧಿಕಾರಿಗೆ ಅದು ಗೊತ್ತೇ ಆಗಲಿಲ್ಲ, ಆ ಮಾತು ಬೇರೆ.

ವಯಸ್ಸು ಐವತ್ತೊಂದು. ಇಪ್ಪತ್ತೆಂಟು ವರ್ಷದಿಂದ ಅದೇ ಕೋಣೆ, ಅದೇ ಕಿಟಕಿ, ಕಿಟಕಿಯಾಚೆ ಅದೇ ಸೈಕಲ್ ಸ್ಟ್ಯಾಂಡು. ಶಾಲೆಗಳಿಂದ ಬಂದ ಅಂಕಿಗಳನ್ನು ಕೂಡಿಸಿ ಮೇಲಿನವರಿಗೆ ಕಳಿಸುವುದು ಅವನ ಕೆಲಸ. ಮೇಲಿನವರು ಅದನ್ನು ಇನ್ನೂ ಮೇಲಕ್ಕೆ ಕಳಿಸುತ್ತಿದ್ದರು. ಕೊನೆಗೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಹೊಸದಾಗಿ ಬಂದ ನಿರ್ದೇಶಕಿ ಮಾತ್ರ ಕೆಡಿಸಿಕೊಂಡರು. “ಹನ್ನೆರಡನೇ ಕ್ಲಾಸಲ್ಲಿ ಚೆನ್ನಾಗಿ ಪಾಸಾದ ಮಕ್ಕಳು ಕಾಲೇಜಲ್ಲಿ ಏನಾಗ್ತಾರೆ ರೀ?” ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ದಾಖಲೆ ಕೆಳಗಿನ ಮಹಡಿಯಲ್ಲಿತ್ತು, ಕಾಲೇಜಿನದು ಮೇಲಿನ ಮಹಡಿಯಲ್ಲಿತ್ತು. ನಡುವೆ ಹದಿನೆಂಟು ಮೆಟ್ಟಿಲು. ಅಷ್ಟನ್ನು ಹತ್ತಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಯೋಚನೆ ಇಲಾಖೆಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ದಶಾಂಶ ಐದು ತಿಂಗಳು ಕೂತು, ಕಳೆದ ಒಂಬತ್ತು ವರ್ಷಗಳಲ್ಲಿ ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳ ಎರಡೂ ಮಹಡಿಯ ದಾಖಲೆಗಳನ್ನು ಒಬ್ಬೊಬ್ಬರದಾಗಿ ಜೋಡಿಸಿದ. ಹನ್ನೆರಡರಲ್ಲಿ ಸಮಾನ ಅಂಕ ತೆಗೆದ ಮಕ್ಕಳಲ್ಲಿ, ಯಾವ ಶಿಕ್ಷಕರ ಹತ್ತಿರ ಕಲಿತವರು ಕಾಲೇಜಿನ ಮೊದಲ ವರ್ಷದ ಗಣಿತವನ್ನು ದಾಟುತ್ತಾರೆ, ಯಾರ ಹತ್ತಿರ ಕಲಿತವರು ಅಲ್ಲೇ ಮುಗ್ಗರಿಸುತ್ತಾರೆ ಎಂದು ಲೆಕ್ಕ ಹಾಕಿದ. ರಾಜ್ಯದ ನಾಲ್ಕು ಸಾವಿರದ ನೂರಮೂವತ್ತು ಗಣಿತ ಶಿಕ್ಷಕರು ಮೇಲಿಂದ ಕೆಳಗೆ ಸಾಲಾಗಿ ನಿಂತರು. ಕೊನೆಯ ನೂರು ಜನರನ್ನು ಹನ್ನೆರಡನೇ ತರಗತಿಯಿಂದ ತೆಗೆದು ಕೆಳಗಿನ ತರಗತಿಗಳಿಗೆ ಹಾಕುವುದೆಂದು ತೀರ್ಮಾನವಾಯಿತು. ಪಟ್ಟಿಯಲ್ಲಿ ಹೆಸರುಗಳಿರಲಿಲ್ಲ, ಬರೀ ಸೇವಾ ಸಂಖ್ಯೆಗಳು. ಹೆಸರು ಸೇರಿಸುವುದು ಕಡೆಯ ಕೆಲಸ, ಅದೂ ಅವನದೇ.

ನಾಲ್ಕು ಸಾವಿರದ ನೂರಹನ್ನೆರಡನೇ ಸಾಲಿನ ಸಂಖ್ಯೆಗೆ ಹೆಸರು ಬೇಕಿರಲಿಲ್ಲ. ಗಣಿತದ ಟೀಚರಾಗಿದ್ದ ಅಕ್ಕನ ಸರ್ಕಾರಿ ಅರ್ಜಿಗಳನ್ನೆಲ್ಲ ಆ ಸಂಖ್ಯೆ ಬರೆದು ಪ್ರತಿವರ್ಷ ತುಂಬಿಕೊಡುತ್ತಿದ್ದವನು ಅವನೇ.

ಅಕ್ಕ ಅವನಿಗಿಂತ ಏಳು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಆರು, ಅವಳಿಗೆ ಹದಿಮೂರು. ಅಂದಿನಿಂದ ಅವನ ತಲೆ ಬಾಚಿ, ಊಟಕ್ಕೆ ಬಡಿಸಿ, ಶಾಲೆಗೆ ಅಟ್ಟಿದವಳು. ಈಗ ನಿವೃತ್ತಿಗೆ ಎರಡು ವರ್ಷ. ಊರಲ್ಲಿ ಅವಳ ಹೆಸರೇ ನೂರಕ್ಕೆನೂರು ಟೀಚರ್. ಹತ್ತೊಂಬತ್ತು ವರ್ಷದಿಂದ ಅವಳ ತರಗತಿಯಲ್ಲಿ ಒಂದು ಮಗುವೂ ಫೇಲಾಗಿಲ್ಲ. ಅವಳ ವಿಭಾಗಕ್ಕೆ ಸೇರಿಸಲು ತಂದೆತಾಯಿಯರು ಮುಖ್ಯೋಪಾಧ್ಯಾಯರ ಬಾಗಿಲಲ್ಲಿ ಬೆಳಗಾಗುವ ಮೊದಲೇ ಸಾಲುಗಟ್ಟಿ ನಿಲ್ಲುತ್ತಿದ್ದರು.

ತಪ್ಪು ಎಲ್ಲೋ ಇರಲೇಬೇಕು ಎಂದು ದಶಾಂಶ ಹುಡುಕತೊಡಗಿದ. ತಪ್ಪುಗಳು ಸಿಕ್ಕವು ಕೂಡ. ಒಂದು ಕಾಲೇಜಿನವರು ಪರೀಕ್ಷೆಗೆ ಬಾರದವರ ಮುಂದೆಲ್ಲ 99 ಎಂದು ಬರೆಯುವ ಪದ್ಧತಿ ಇಟ್ಟುಕೊಂಡಿದ್ದರು. ಕಂಪ್ಯೂಟರ್ ಅದನ್ನು ಅಂಕವೆಂದೇ ನಂಬಿತ್ತು. ಹೀಗಾಗಿ, ಇಪ್ಪತ್ತಾರು ಶಿಷ್ಯರಲ್ಲಿ ಒಬ್ಬರೂ ಪರೀಕ್ಷೆಯ ಕಡೆ ತಲೆ ಹಾಕದ ಮೇಷ್ಟರೊಬ್ಬರು ಇಡೀ ರಾಜ್ಯಕ್ಕೆ ಮೊದಲಿಗರಾಗಿದ್ದರು. ಅವರ ಪ್ರಶಸ್ತಿಪತ್ರ ಅಚ್ಚಿಗೆ ಹೋಗುವುದರಲ್ಲಿತ್ತು. ತಿದ್ದಿದ ಮೇಲೆ ಅವರು ಕಟ್ಟಕಡೆಗೆ ಹೋಗಿ ಕೂತರು. ಇನ್ನೆಲ್ಲೋ ಒಂದೇ ನೋಂದಣಿ ಸಂಖ್ಯೆಯಲ್ಲಿ ಇಬ್ಬರು ಮಕ್ಕಳು ಸಿಕ್ಕಿಕೊಂಡಿದ್ದರು, ಅವರನ್ನು ಬಿಡಿಸಿದ. ಹೀಗೆ ತಿದ್ದಿ ತಿದ್ದಿ ಅಕ್ಕನ ಕೆಳಗಿದ್ದ ನಾಲ್ವರು ಮೇಲೇರಿಬಿಟ್ಟರು. ಅಕ್ಕ ನಾಲ್ಕು ಸಾವಿರದ ನೂರಹದಿನೈದಕ್ಕೆ ಇಳಿದಳು. ಕೆಳಗಿನಿಂದ ಹದಿನಾರನೆಯವಳು. ತಮ್ಮನ ಪ್ರೀತಿಯಿಂದ ಆದ ಉಪಕಾರ ಇಷ್ಟು.

ಉಳಿದದ್ದು ಒಂದೇ ದಾರಿ. ಸಂಖ್ಯೆ ಸರಿಯಿಲ್ಲವೆಂದು ಪಕ್ಕಕ್ಕಿಟ್ಟ ಸಾಲುಗಳು ಹನ್ನೊಂದಿದ್ದವು. ಅಕ್ಕನ ಸಾಲನ್ನೂ ಹನ್ನೆರಡನೆಯದಾಗಿ ಅವುಗಳಿಗೆ ಸೇರಿಸಿದರೆ ಕೇಳುವವರು ಯಾರೂ ಇಲ್ಲ. ಅಕ್ಕನ ಜಾಗಕ್ಕೆ ಇನ್ಯಾರೋ ಒಬ್ಬರು ಜಾರಿ ಬೀಳುತ್ತಾರೆ, ಅಷ್ಟೇ. ಅವನು ಎರಡು ಪಟ್ಟಿಗಳನ್ನು ಮಾಡಿದ, ಅಕ್ಕ ಇರುವುದೊಂದು, ಇಲ್ಲದಿರುವುದೊಂದು. ಸೋಮವಾರ ಒಂದನ್ನು ಕಳಿಸಬೇಕಿತ್ತು. ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಊಟಕ್ಕೆ ಹೋದ.

ಸುತ್ತಿಬಳಸಿ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ಹೇಳಿಬಿಟ್ಟ.

ಅಕ್ಕನ ಮುಖ ಕೆಂಪಾಯಿತು. “ಯಾವನೋ ಅವನು ಈ ಲೆಕ್ಕ ಹಾಕಿದ್ದು?”

“ನಾನೇ.”

“ಹತ್ತೊಂಬತ್ತು ವರ್ಷ ನೂರಕ್ಕೆ ನೂರು ಕೊಟ್ಟಿದ್ದೀನಿ ಕಣೋ!”

“ಹೌದಕ್ಕಾ. ಆ ನೂರರಲ್ಲಿ ಎಪ್ಪತ್ತೊಂದು ಮಕ್ಕಳು ಕಾಲೇಜಲ್ಲಿ ಫೇಲಾಗ್ತಿದ್ದಾರೆ. ಅಷ್ಟೇ ಮಾರ್ಕ್ಸ್ ತಗೊಂಡ ಬೇರೆ ಮಕ್ಕಳಲ್ಲಿ ಮೂವತ್ತು.” ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ನೀನು ಹೇಗೆ ಪಾಠ ಮಾಡ್ತೀಯ?”

ಅಕ್ಕ ದಡಬಡ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಅವನ ಮುಂದೆ ಕುಕ್ಕಿದಳು. ಮುದ್ದಾದ ಅಕ್ಷರದಲ್ಲಿ ನಲವತ್ತು ಲೆಕ್ಕಗಳು, ಬಿಡಿಸಿದ್ದು. “ಪರೀಕ್ಷೇಲಿ ಬರೋದೇ ಈ ನಲವತ್ತು ಥರ. ಒಂದೊಂದನ್ನೂ ಐವತ್ತು ಸಲ ಬರೆಸ್ತೀನಿ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತಾರೆ, ಗೊತ್ತಾ?”

“ನಲವತ್ತೊಂದನೇ ಥರ ಬಂದ್ರೆ?”

“ಬರಲ್ಲ.”

“ಕಾಲೇಜಲ್ಲಿ ಬರುತ್ತೆ ಅಕ್ಕಾ.”

ಅಕ್ಕ ನೋಟ್‌ಬುಕ್ಕನ್ನು ತನ್ನ ಕಡೆ ತಿರುಗಿಸಿಕೊಂಡು ಹಾಳೆ ಮಗುಚುತ್ತ ಕೂತಳು. ತಲೆ ಎತ್ತದೆ ಕೇಳಿದಳು, “ಆ ಫೇಲಾದ ಮಕ್ಕಳ ಲೆಕ್ಕದಲ್ಲಿ ನೀನೂ ಇದ್ದೀಯೇನೋ?”

“ಇಲ್ಲ. ಕಳೆದ ಒಂಬತ್ತು ವರ್ಷದ್ದು ಮಾತ್ರ.”

ಅಕ್ಕ ಕೆಲಸಕ್ಕೆ ಸೇರಿದ ವರ್ಷವೇ ಅವನು ಹನ್ನೆರಡನೇ ತರಗತಿ. ಅವಳ ಮೊದಲ ಶಿಷ್ಯ. ಗಣಿತದಲ್ಲಿ ತೊಂಬತ್ತಾರು ಬಂದಿತ್ತು. ಮರುವರ್ಷ ಕಾಲೇಜಿನ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲನೆಯ ಲೆಕ್ಕವೇ ಅವನು ಕಂಡುಕೇಳದ್ದು. ಮೂರು ಗಂಟೆ ಪೆನ್ನು ಹಿಡಿದು ಕೂತು ಎದ್ದು ಬಂದ. ಎರಡು ಸಲ ಹಾಗಾದ ಮೇಲೆ ಕಾಲೇಜು ಬಿಟ್ಟ. ‘ಹೋಗಲಿ ಬಿಡು, ಎಲ್ಲರಿಗೂ ಲೆಕ್ಕ ಒಲಿಯಲ್ಲ’ ಎಂದು ಅಕ್ಕ ಬೆನ್ನು ಸವರಿದ್ದಳು. ಆಮೇಲೆ ಮನೆಯಲ್ಲಿ ಯಾರೂ ಆ ಸುದ್ದಿ ಎತ್ತಿರಲಿಲ್ಲ.

“ನಿನಗೆ ತಲೆ ಇಲ್ಲ ಅಂದ್ಕೊಂಡೆ ಕಣೋ,” ಎಂದಳು ಅಕ್ಕ. “ಪಾಪ, ತಾಯಿಲ್ಲದ ಮಗು, ದಡ್ಡ, ಏನು ಮಾಡೋಕಾಗುತ್ತೆ ಅಂದ್ಕೊಂಡೆ.”

“ನಾನೂ ಹಾಗೇ ಅಂದ್ಕೊಂಡಿದ್ದೆ,” ಎಂದ ದಶಾಂಶ.

ಅಕ್ಕ ಅತ್ತಳು. ಅಮ್ಮ ಹೋದಾಗಲೂ ಅವನೆದುರು ಅಳದವಳು. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಕ್ಕನ ಮೇಲೆ ಎಂದೂ ಇಲ್ಲದಷ್ಟು ಮಮತೆ ಉಕ್ಕಿತು. ಚೀಲದಿಂದ ಎರಡೂ ಪಟ್ಟಿಗಳನ್ನು ತೆಗೆದು ಅವಳ ಮುಂದಿಟ್ಟು, ಯಾವುದರಲ್ಲಿ ಏನಿದೆ ಎಂದು ವಿವರಿಸಿದ. “ನೀನಿಲ್ಲದ ಇದನ್ನ ಕಳಿಸಿದ್ರೆ ಯಾರಿಗೂ ಗೊತ್ತಾಗಲ್ಲ ಅಕ್ಕಾ. ಎರಡು ವರ್ಷ ಕಣ್ಮುಚ್ಚಿ ತೆಗೆಯೋದ್ರಲ್ಲಿ ಹೋಗುತ್ತೆ.”

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ತಾನಿಲ್ಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಕಡೆ ಇಟ್ಟುಕೊಂಡು, ಇನ್ನೊಂದನ್ನು ಅವನ ಕಡೆ ತಳ್ಳಿದಳು.

“ಎರಡು ವರ್ಷ ಅಂದ್ರೆ ನೂರಿಪ್ಪತ್ತು ಮಕ್ಕಳು,” ಎಂದಳು. “ನಾವೇ ದಡ್ಡರು ಅಂದ್ಕೊಂಡು ಅವರೂ ಮನೆಗೆ ಬರೋದು ಬೇಡ. ಹೆಸರು ಹಾಕು.”