ಸ್ಪ್ರಿಂಗ್‌ಫೀಲ್ಡಿಗೆ ಹೋಗಿಬಂದ ಶಾಲು

ಕಳೆದ ಶನಿವಾರ ನನಗೆ ಹೊದಿಸಿದ ಶಾಲನ್ನು ಭಾನುವಾರ ಬೆಳಿಗ್ಗೆ ಸರಿಯಾಗಿ ಮಡಿಸಿಡೋಣವೆಂದು ಮಂಚದ ಮೇಲೆ ಹರಡಿದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೂ ಏನೋ ಇದ್ದಂತಿತ್ತು, ಒಗ್ಗರಣೆಯದೋ, ನಿಂಬೆಹುಳಿಯದೋ... ಅದು ನನ್ನ ಭ್ರಮೆಯೇ ಇರಬಹುದು. ಆದರೆ ಕಲೆ ಭ್ರಮೆಯಲ್ಲ. ಕೆನೆಬಣ್ಣದ ಶಾಲಿನ ಮೂಲೆಯಲ್ಲಿ, ಜರಿಯಂಚು ತಿರುಗುವ ಕಡೆ, ಮಾಸಿದ ಅರಿಶಿನದ ಕಲೆ. ಅದನ್ನು ಬಾಟಲಿ ನೀರು ಹಾಕಿ ಉಜ್ಜಿ, ತೆಗೆಯುವ ಬದಲು ಇನ್ನಷ್ಟು ಹರಡಿದವಳು ನಾನೇ. ಗುರುತು ತಪ್ಪುವ ಮಾತೇ ಇಲ್ಲ.

ಇದು ಟೀಚರ ಶಾಲು.

ಅವರ ಶಾಲು ನನ್ನ ಹೆಗಲಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಶಿಕಾಗೋ ಸುತ್ತಿನ ನಮ್ಮ ಜನರಲ್ಲಿ ಶಾಲುಗಳು ಒಂದು ಕಡೆ ನಿಲ್ಲುವುದಿಲ್ಲ. ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ನಾಲ್ಕಾರು ತರುತ್ತಾರೆ. ಸನ್ಮಾನ ಮಾಡಿಸಿಕೊಂಡವರು ಮನೆಯಲ್ಲಿ ಇಟ್ಟುಕೊಂಡು ಮಾಡುವುದೇನು? ಮುಂದಿನ ಸಮಾರಂಭಕ್ಕೆ ಯಾರಿಗಾದರೂ ಬೇಕೆಂದಾಗ ಸದ್ದಿಲ್ಲದೆ ಕೊಟ್ಟುಬಿಡುತ್ತಾರೆ. ಲೆಮಾಂಟಿನ ದೇವಸ್ಥಾನದ ಹಾಲಿನಲ್ಲಿ ಒಬ್ಬರಿಗೆ ಹೊದಿಸಿದ ಶಾಲು ಮರುವರ್ಷ ಇನ್ನೊಬ್ಬರ ಮೇಲೆ ಕುಳಿತಿರುವುದನ್ನು ಎಲ್ಲರೂ ನೋಡಿರುತ್ತಾರೆ, ಯಾರೂ ಆಡುವುದಿಲ್ಲ.

ನನಗೆ ಅರ್ಥವಾಗದೆ ಉಳಿದಿರುವುದು ಬೇರೆ.

ನಾನು ಮೈಸೂರಿನ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದವಳು. ಆಮೇಲೆ ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಎರಡು ಫಲಿತಾಂಶಗಳು ತಾಳೆಯಾಗದಿದ್ದರೆ ಮತ್ತೆ ಪರೀಕ್ಷೆ ಮಾಡುವುದು ನಮ್ಮ ಕ್ರಮ. ಟೀಚರ ವಿಷಯದಲ್ಲಿ ಫಲಿತಾಂಶಗಳು ಇಂದಿಗೂ ತಾಳೆಯಾಗಿಲ್ಲ. ಮತ್ತೆ ಪರೀಕ್ಷೆ ಮಾಡಲು ಈಗ ಅವರೂ ಇಲ್ಲ.

ವೆಸ್ಟ್‌ಮಂಟಿನಲ್ಲಿ ನಮ್ಮ ಕೆಳಗಿನ ಮನೆ ಅವರದು. ಧಾರವಾಡದವರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಮ್ಮವರೇ ನಡೆಸುತ್ತಿದ್ದ ಪುಟ್ಟ ಮಕ್ಕಳ ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದರು. ಆ ಶಾಲೆಯಲ್ಲಿ ಕಲಿತ ಮಕ್ಕಳೆಲ್ಲ ಅವರನ್ನು ಟೀಚರ್ ಎಂದೇ ಕರೆದದ್ದರಿಂದ ಅಪ್ಪ ಅಮ್ಮಂದಿರಿಗೂ, ಕೊನೆಗೆ ನನಗೂ ಅವರು ಟೀಚರೇ ಆದರು. ಅವರು ನನ್ನನ್ನು ‘ಅಕ್ಕಾರ’ ಎನ್ನುತ್ತಿದ್ದರು.

ಕೆಲಸ ವರ್ಷದಿಂದ ವರ್ಷಕ್ಕೆ. ಮೇ ತಿಂಗಳಲ್ಲಿ ಮಕ್ಕಳನ್ನು ಮನೆಗೆ ಕಳಿಸಿದರೆ, ಆಗಸ್ಟಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಆಗಸ್ಟಿನವರೆಗೂ ತಿಳಿಯುತ್ತಿರಲಿಲ್ಲ. ಬೇಸಿಗೆಗೆ ಸಂಬಳವಿಲ್ಲ. ಜ್ವರ ಬಂದ ದಿನಕ್ಕೂ ಇಲ್ಲ. ರಜೆಯಲ್ಲಿ ಅವರು ಇಂಡಿಯನ್ ಗ್ರಾಸರಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದರು. ಮಗುವಿಗೆ ಅಕ್ಷರ ಕಲಿಸಿದವರು ಬೆಂಡೆಕಾಯಿ ತೂಗುವುದನ್ನು ಕಂಡ ತಾಯಂದಿರು, “ಟೀಚರ್ ಆಂಟಿ ತುಂಬಾ ಆ್ಯಕ್ಟಿವ್ ಅಲ್ವಾ, ಸುಮ್ನೆ ಕೂರಕ್ಕೇ ಆಗಲ್ಲ ಇವ್ರಿಗೆ” ಎಂದು ನಕ್ಕು, ಬೇಗ ಬೇಗ ಚೀಲ ಎತ್ತಿಕೊಂಡು ಹೋಗುತ್ತಿದ್ದರು.

ಆ ವರ್ಷ ಶಿಕ್ಷಕರಿಗೆ ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡಕೂಡದು ಎಂಬ ಮಸೂದೆಯೊಂದು ರಾಜ್ಯದ ಶಾಸನಸಭೆಯ ಮುಂದಿತ್ತು. ಅದು ಸರ್ಕಾರಿ ಶಾಲೆಯವರಿಗೆ ಮಾತ್ರ. ಪುಟ್ಟ ಖಾಸಗಿ ಶಾಲೆಗಳ ಟೀಚರಂಥ ಶಿಕ್ಷಕರ ಗುಂಪೊಂದು, ತಮ್ಮನ್ನೂ ಅದರೊಳಗೆ ಸೇರಿಸಿ, ಕೆಲಸ ಇದೆಯೋ ಇಲ್ಲವೋ ಎಂಬುದನ್ನು ರಜೆಗೆ ಮೊದಲೇ ತಿಳಿಸುವಂತೆ ಮಾಡಿ ಎಂದು ಕೇಳುತ್ತಿತ್ತು. ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಶಾಸಕರ ಸಮಿತಿಯೊಂದು ಜನರ ಮಾತು ಕೇಳಲಿದೆ ಎಂದು ತಿಳಿಯಿತು. ಆದರೆ ಎದ್ದು ನಿಂತು ಹೇಳುವವರಿಲ್ಲ. ಹೇಳಿದರೆ ಮುಂದಿನ ವರ್ಷ ಕೆಲಸ ಇರುತ್ತದೆಯೇ? ಗುಂಪನ್ನು ಕಟ್ಟಿದ್ದ ಎತ್ತರದ ಅಮೆರಿಕನ್ ಶಿಕ್ಷಕಿಯೊಬ್ಬಳು ಎಲ್ಲರನ್ನೂ ಕೇಳಿ ಸೋತಳಂತೆ. ಒಪ್ಪಿದವರು ನಮ್ಮ ಟೀಚರೊಬ್ಬರೇ.

“ಧಾರವಾಡದಾಗ ಕಾಯ್ದೆ ಇತ್ರಿ ಅಕ್ಕಾರ, ಪಗಾರ ಇರಲಿಲ್ಲ. ಸಹಿ ಮಾಡೋ ಪಗಾರನs ಬ್ಯಾರೆ, ಕೈಗೆ ಬರೋದs ಬ್ಯಾರೆ. ಇಲ್ಲೆ ಸಹಿ ಖರೆ, ಕಾಯ್ದೆ ಇಲ್ಲ. ಒಂದs ಜನ್ಮದಾಗ ಎರಡೂ ಕೂಡಿ ಬಂದದ್ದು ನೋಡಬೇಕು ಅನಸ್ತದ” ಎಂದರು ನಗುತ್ತ.

ಅವರಿಗೆ ಹೈವೇ ಡ್ರೈವಿಂಗ್ ಭಯ. ನಾನು ನಿವೃತ್ತಳಾಗಿದ್ದೆ, ಕರೆದುಕೊಂಡು ಹೋಗುತ್ತೇನೆಂದೆ. ದಿನವೂ ಸಂಜೆ ನನ್ನ ಅಡುಗೆಮನೆಯಲ್ಲಿ ಅಭ್ಯಾಸ. ಕೆಲವೇ ನಿಮಿಷ ಕೊಡುತ್ತಾರೆಂದು ಹೇಳಿದ್ದರಿಂದ ಕುಕ್ಕರಿಗೆ ಇಡುವ ಟೈಮರನ್ನು ಅವರ ಮುಂದೆ ಇಟ್ಟೆ.

“ಟೀಚರೇ, ಬೇಸಿಗೆ ವಿಷಯ ಮೊದಲು ಹೇಳಿ. ಆಮೇಲೆ ಆಗಸ್ಟ್. ಮಕ್ಕಳ ಕಥೆ ಬೇಡ, ಟೈಮ್ ಸಾಲಲ್ಲ.”

“ನೀವು ನಮ್ಮ ಸಾಲಿಗೆ ಹೆಡ್‌ಮಿಸ್ಟ್ರೆಸ್ ಆಗಬೇಕಿತ್ರಿ. ಕೂಸು ಅಳೂದಕ್ಕೂ ಟೈಮ್‌ಟೇಬಲ್ ಹಾಕ್ತಿದ್ರಿ.”

ಹೀಗೆ ನಕ್ಕರೂ ಅವರು ಚೆನ್ನಾಗಿ ತಯಾರಾಗಿದ್ದರು. ಕೊನೆಯ ಸಂಜೆಗಳಲ್ಲಿ ಟೈಮರ್ ಕೂಗುವ ಮೊದಲೇ ಮುಗಿಸುತ್ತಿದ್ದರು. ಧ್ವನಿ ನಡುಗುತ್ತಿರಲಿಲ್ಲ. ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಅವರಿಗೆ ಇಂಗ್ಲಿಷ್ ಕೈಕೊಟ್ಟಿತು ಎಂದು ಆಮೇಲೆ ಕೆಲವರು ಅಂದರು. ಅದು ಸುಳ್ಳು.

ಸ್ಪ್ರಿಂಗ್‌ಫೀಲ್ಡಿಗೆ ಹೊರಡುವುದಕ್ಕೆ ಎರಡು ಮೂರು ದಿನ ಮೊದಲು ಶಾಲೆಯಲ್ಲಿ ಒಂದು ಸಮಾರಂಭ ಏರ್ಪಾಡಾಯಿತು. ಟೀಚರಿಗೆ ಸನ್ಮಾನ. ಶಾಲೆಯ ಒಡತಿ ಬೆಂಗಳೂರಿನವರು, ಟೀಚರಿಗಿಂತ ತುಂಬ ಚಿಕ್ಕವರು, ಒಳ್ಳೆಯ ಹೆಂಗಸು. ಅವರಿಗೆ ವಿಷಯ ತಿಳಿದಿತ್ತೋ, ತಿಳಿದೇ ಇದನ್ನು ಮಾಡಿದರೋ, ಅಥವಾ ನಿಜಕ್ಕೂ ಕಾಕತಾಳೀಯವೋ... ನನಗೆ ಗೊತ್ತಿಲ್ಲ. ಟೀಚರನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ಈ ಕೆನೆಬಣ್ಣದ ಶಾಲು ಹೊದಿಸಿದರು. “ಇವ್ರು ನಮ್ಮ ಸ್ಟಾಫ್ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಇವ್ರು ನಮ್ಮ ಮನೆಯವ್ರು” ಎಂದು ಮೈಕಿನಲ್ಲಿ ಹೇಳುವಾಗ ಒಡತಿಯ ಕಣ್ಣು ತುಂಬಿತು. ಆಮೇಲೆ ರೇಷ್ಮೆಸೀರೆಯ ನೆರಿಗೆ ಎತ್ತಿ ಹಿಡಿದು, ಬಗ್ಗಿ, ಟೀಚರ ಎರಡೂ ಪಾದ ಮುಟ್ಟಿ ನಮಸ್ಕಾರ ಮಾಡಿದರು. ಹಾಲಿಗೆ ಹಾಲೇ ಎದ್ದು ನಿಂತಿತು. ಟೀಚರು ಒಡತಿಯ ತಲೆಯ ಮೇಲೆ ಕೈಯಿಟ್ಟರು. ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಮನೆಗೆ ಬರುವಾಗ ಕಾರಿನಲ್ಲಿ ಶಾಲನ್ನು ಸವರುತ್ತ, “ಭಾಳ ಬೆಚ್ಚಗದರಿ. ಬ್ಯಾಸಿಗ್ಯಾಗ ಪಗಾರ ಇಲ್ಲದಾಗ ಇದನ್ನs ಹೊತಗೊಂಡು ಅಂಗಡ್ಯಾಗ ನಿಂದರ್ತೀನಿ” ಎಂದರು. ನಾನು ನಕ್ಕೆ. ಅವರು ಬದಲಾಗಿರಲಿಲ್ಲ ಎಂದೇ ನಾನು ತಿಳಿದೆ.

ಹೊರಟ ದಿನ ಚಳಿಯಿತ್ತು. ಹೊಲಗಳು ಬೋಳಾಗಿದ್ದವು. ಆ ಶಾಲು ಹೊದ್ದೇ ಬಂದಿದ್ದರು. ದಾರಿಯುದ್ದಕ್ಕೂ ಬಾಯಿಪಾಠ ಒಪ್ಪಿಸಿದರು. ಒಂದು ಪದವೂ ತಪ್ಪಲಿಲ್ಲ.

ಸಮಿತಿಯ ಕೋಣೆಯಲ್ಲಿ ನಾನು ಅವರ ಹಿಂದಿನ ಸಾಲಿನಲ್ಲಿ ಕುಳಿತೆ. ಎತ್ತರದ ಶಿಕ್ಷಕಿ ಬಾಗಿಲ ಬಳಿ ನಿಂತಿದ್ದಳು. ಟೀಚರ ಹೆಸರು ಕರೆದರು. ಅವರು ಮೇಜಿನ ಮುಂದೆ ಕುಳಿತು ಮೈಕನ್ನು ಹತ್ತಿರ ಎಳೆದುಕೊಂಡರು. ಬಾಯಿ ತೆರೆಯುವ ಮೊದಲೇ, ವಯಸ್ಸಾದ ಶಾಸಕರೊಬ್ಬರು, ಬಹುಶಃ ಧೈರ್ಯ ತುಂಬಲೆಂದು, ಮೃದುವಾಗಿ ಕೇಳಿದರು: ನಿಮ್ಮ ಶಾಲೆಯವರು ನಿಮ್ಮನ್ನು ಹೇಗೆ ನೋಡಿಕೊಳ್ಳುತ್ತಾರೆ, ಹೇಳಿ.

ಟೀಚರು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಸ್ಪಷ್ಟವಾದ ಇಂಗ್ಲಿಷಿನಲ್ಲಿ, ಅವರು ನನ್ನ ಮನೆಯವರಿದ್ದ ಹಾಗೆ, ನನಗೆ ತುಂಬ ಗೌರವ ಕೊಡುತ್ತಾರೆ, ನನಗೇನೂ ಕೊರತೆಯಿಲ್ಲ ಎಂದರು. ಧನ್ಯವಾದ ಹೇಳಿದರು. ಎದ್ದು ಬಂದರು.

ಬೇಸಿಗೆಯಿಲ್ಲ. ಆಗಸ್ಟ್ ಇಲ್ಲ. ಜ್ವರದ ದಿನವಿಲ್ಲ. ಒಂದೂ ಇಲ್ಲ. ಶಾಸಕರು ತಲೆದೂಗಿ ಮುಂದಿನವರನ್ನು ಕರೆದರು. ಬಾಗಿಲ ಬಳಿಯಿದ್ದ ಎತ್ತರದ ಶಿಕ್ಷಕಿ ನಮ್ಮನ್ನೇ ನೋಡಿದಳು. ಬೈಯಲಿಲ್ಲ. ಟೀಚರ ಭುಜವನ್ನು ಮೆಲ್ಲಗೆ ತಟ್ಟಿ, “ಪರವಾಗಿಲ್ಲ” ಎಂಬರ್ಥದ್ದೇನೋ ಹೇಳಿ ಮುಖ ತಿರುಗಿಸಿಕೊಂಡಳು.

ಹಿಂದಿರುಗುವಾಗ ಅವರೇ ಕೇಳಿದರು.

“ಅಕ್ಕಾರ, ನಾ ಒಳಗ ಏನಂದೆ?”

“ಶಾಲೆಯವರು ನಿಮ್ಮ ಮನೆಯವರ ಹಾಗೆ ಅಂದ್ರಿ.”

“ಬ್ಯಾಸಿಗೀದು?”

“ಹೇಳಲಿಲ್ಲ.”

“ಆಗಸ್ಟಿಂದು?”

“ಅದೂ ಹೇಳಲಿಲ್ಲ ಟೀಚರೇ. ಯಾಕೆ ಹಾಗಂದ್ರಿ?”

“ಯಾಕೋ... ನನಗೂ ತಿಳೀವಲ್ದು” ಎಂದರು. ಆ ಮುಖದಲ್ಲಿ ನಾಟಕವಿರಲಿಲ್ಲ. ಯಾರೋ ತಮ್ಮ ಪರವಾಗಿ ಮಾತಾಡಿ ಎದ್ದುಹೋದಂತೆ ಬೆಪ್ಪಾಗಿ ಕುಳಿತಿದ್ದರು.

ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಅವರು ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿಂದೆವು. ಅವರ ಕೈಯಿಂದ ತುತ್ತು ಜಾರಿ ಶಾಲಿನ ಮೂಲೆಗೆ ಬಿತ್ತು. “ಅಯ್ಯ, ಹೊಸಾದು!” ಎಂದು ಅವರು ಗಾಬರಿಯಾದದ್ದು ನೋಡಿ ನನಗೆ ಸಿಟ್ಟು ಬಂತು. ಅಷ್ಟು ದೊಡ್ಡದು ಕೈಜಾರಿ ಹೋಗಿತ್ತು, ಇವರಿಗೆ ಶಾಲಿನ ಚಿಂತೆ. ಸಿಟ್ಟಿನಲ್ಲೇ ಕಲೆಯನ್ನು ಉಜ್ಜಿದೆ. ಹರಡಿತು.

ಆಮೇಲೆ ಎಲ್ಲವೂ ತನ್ನ ಪಾಡಿಗೆ ನಡೆಯಿತು. ಆ ಬೇಸಿಗೆಯಲ್ಲೂ ಅವರು ಬೆಂಡೆಕಾಯಿ ತೂಗಿದರು. ಆಗಸ್ಟಿನಲ್ಲಿ ಮಕ್ಕಳು ಕಡಿಮೆ ಬಂದಿದ್ದಾರೆಂದು ಒಂದು ತರಗತಿ ಮುಚ್ಚಿ, ಈ ವರ್ಷ ನಿಮ್ಮ ಅಗತ್ಯವಿಲ್ಲ ಎಂದು ಒಡತಿ ಹೇಳಿದರು. ಮನೆಗೇ ಬಂದು, ಕೈ ಹಿಡಿದುಕೊಂಡು, ಅತ್ತು ಹೇಳಿದರು. ಟೀಚರೇ ಅವರನ್ನು ಸಮಾಧಾನ ಮಾಡಿ ಕಾಫಿ ಕೊಟ್ಟು ಕಳಿಸಿದರು. ತಿಂಗಳೊಳಗೆ ಮನೆ ಖಾಲಿ ಮಾಡಿ, ಇನ್ನೊಂದು ರಾಜ್ಯದಲ್ಲಿ ತಂಗಿ ಇದ್ದ ಫಾರ್ಮಿಂಗ್ಟನ್ ಹಿಲ್ಸಿಗೆ ಹೊರಟರು. ಶಾಲನ್ನು ಹೊರಡುವ ಮುಂಚೆ ಯಾರಿಗೋ ಸಮಾರಂಭಕ್ಕೆಂದು ಕೊಟ್ಟರಂತೆ.

ಹೈವೇಗೆ ಹೆದರುವವರಿಗೆ ಆ ಊರು ಹೇಳಿದ್ದಲ್ಲ. ಅಲ್ಲಿ ಉಪ್ಪು ಬೇಕಾದರೂ ಕಾರು ಹತ್ತಬೇಕು. ಪ್ರತಿ ಭಾನುವಾರ ತಿಂಡಿಯಾದ ಮೇಲೆ ನಾನು ಫೋನ್ ಮಾಡುತ್ತಿದ್ದೆ. ತಂಗಿಯ ಬೇಸ್‌ಮೆಂಟಿನಲ್ಲಿ ಆ ಬಡಾವಣೆಯ ಮಕ್ಕಳನ್ನು ಕೂರಿಸಿಕೊಂಡು ಏನೋ ಹೇಳಿಕೊಡುತ್ತಿದ್ದರು. ಸಂಬಳ ಕೇಳಿದಿರಾ ಎಂದರೆ ಮಾತು ತಿರುಗಿಸುತ್ತಿದ್ದರು. ಒಂದು ಭಾನುವಾರ ಇಲ್ಲಿಯ ಮಸೂದೆ ಕಾಯ್ದೆಯಾದ ಸುದ್ದಿ ಹೇಳಿದೆ. ಸರ್ಕಾರಿ ಶಾಲೆಯವರಿಗೆ ಮಾತ್ರ, ನಿಮ್ಮಂಥವರ ಹೆಸರೇ ಅದರಲ್ಲಿಲ್ಲ ಎಂದೂ ಹೇಳಿದೆ. ಹೇಳಬಾರದಿತ್ತೇನೋ ಎಂದುಕೊಳ್ಳುತ್ತಿದ್ದಾಗಲೇ, “ಭಾಳ ಛಲೋ ಆತ್ರಿ! ಯಾರಿಗರೆ ಆತಲ್ಲ. ತಡೀರಿ, ಇವತ್ತ ಗೋಧಿ ಹುಗ್ಗಿ ಮಾಡತೀನಿ” ಎಂದರು. ನಿಜವಾದ ಸಂತೋಷ. ಮರುವಾರ ತಂಗಿಯೂ ಹುಗ್ಗಿಯ ಮಾತು ಹೇಳಿದರು.

ಯಾರ ಹಬ್ಬಕ್ಕೆ ಯಾರು ಹುಗ್ಗಿ ಮಾಡಿದರು? ಹೆದರಿದವರು ಹೀಗೆ ಸಂತೋಷಪಡುತ್ತಾರೆಯೇ? ಹೆದರಿಕೆಯೇ ಆಗಿದ್ದರೆ ಸ್ಪ್ರಿಂಗ್‌ಫೀಲ್ಡಿನವರೆಗೆ ಬರುತ್ತಿರಲಿಲ್ಲ. ಒಡತಿಯ ಮೇಲಿನ ಪ್ರೀತಿ ಎನ್ನೋಣವೆಂದರೆ, ಅದೇ ಬಾಯಿ ನನ್ನ ಅಡುಗೆಮನೆಯಲ್ಲಿ ಅಷ್ಟು ದಿನ ಅಷ್ಟು ಖಾರವಾಗಿ ಮಾತಾಡಿತ್ತು. ಪಾದ ಮುಟ್ಟಿಸಿಕೊಂಡದ್ದಕ್ಕೆ ಇರಬಹುದು... ಇರಲಾರದು ಎಂದೂ ಅನ್ನಿಸುತ್ತದೆ. ಕೇಳಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡು, ಹುಷಾರಾಗಿದ್ದೀರಾ, ಅಲ್ಲಿ ಹಿಮ ಎಷ್ಟು ಬಿತ್ತು ಎಂದು ಕೇಳಿ ಫೋನ್ ಇಟ್ಟಿದ್ದೇನೆ. ಕೊನೆಗೊಂದು ಭಾನುವಾರ ಫೋನನ್ನು ತಂಗಿ ಎತ್ತಿಕೊಂಡರು.

ಈಗ ಕಳೆದ ಶನಿವಾರದ ವಿಷಯ. ನಮ್ಮ ಶನಿವಾರದ ಕನ್ನಡ ತರಗತಿಯಲ್ಲಿ ನಾನೂ ಕೆಲವು ವರ್ಷ ಪಾಠ ಮಾಡಿದ್ದೇನೆ. ಅಲ್ಲಿ ಯಾರಿಗೂ ಏನೂ ಕೊಡುವುದಿಲ್ಲ, ಅದು ಸೇವೆ. ಅಲ್ಲಿಯ ಎಳೆ ವಯಸ್ಸಿನ ಶಿಕ್ಷಕಿಯೊಬ್ಬಳು, ಮಕ್ಕಳು ತುಂಬ ಹಚ್ಚಿಕೊಂಡವಳು, ದೂರದಿಂದ ಡ್ರೈವ್ ಮಾಡಿಕೊಂಡು ಬರುತ್ತಾಳೆ. ನನಗೆ ಸನ್ಮಾನವಿದೆ ಎಂದು ತಿಳಿದು ಹಿಂದಿನ ವಾರವೇ ಬಳಿ ಬಂದಳು.

“ಆಂಟಿ, ಸಂಬಳ ಏನೂ ಬೇಡ. ಕಾರಿನ ಗ್ಯಾಸಿಗೆ, ಬೇಬಿಸಿಟ್ಟರಿಗೆ ಆಗೋಷ್ಟು ಕೊಟ್ರೆ ಸಾಕು. ಇಲ್ದಿದ್ರೆ ರಜೆ ಆದ್ಮೇಲೆ ಈ ಫಾಲ್‌ನಿಂದ ನಂಗೆ ಬರೋಕಾಗಲ್ಲ. ನಾನು ಕೇಳಿದ್ರೆ ಸೇವೆಗೆ ದುಡ್ಡು ಕೇಳ್ತಾಳೆ ಅಂತಾರೆ. ನೀವು ಮೈಕಲ್ಲಿ ಹೇಳಿಬಿಟ್ರೆ ಯಾರೂ ಎದುರು ಮಾತಾಡಲ್ಲ.”

ಹೇಳುತ್ತೇನೆಂದೆ. ಮನೆಯಲ್ಲಿ ಟೈಮರ್ ಇಟ್ಟುಕೊಂಡು ಅಭ್ಯಾಸವನ್ನೂ ಮಾಡಿದೆ. ವೇದಿಕೆಯಲ್ಲಿ ಹಾರ ಹಾಕಿದರು. ಶಾಲು ಹೊದಿಸಿದರು. ತರಗತಿ ನಡೆಸುವ ನಮ್ಮ ಸಂಘದ ಅಧ್ಯಕ್ಷ, ನನ್ನ ಮಗನ ವಯಸ್ಸಿನವನು, “ಆಂಟಿ ಇಲ್ದಿದ್ರೆ ಈ ಕ್ಲಾಸೇ ಇರ್ತಿರ್ಲಿಲ್ಲ” ಎಂದು ಹೇಳಿ, ಬಗ್ಗಿ ನನ್ನ ಕಾಲು ಮುಟ್ಟಿದ. ಅವನ ತಲೆಯ ಮೇಲೆ ಕೈಯಿಟ್ಟೆ. ಕೂದಲು ಬೆಚ್ಚಗಿತ್ತು. ಆಮೇಲೆ ಮೈಕು ಕೈಗೆ ಬಂತು. ಎರಡನೇ ಸಾಲಿನಲ್ಲಿ ಆ ಹುಡುಗಿ ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ನೀವೆಲ್ಲ ನನ್ನ ಮನೆಯವರ ಹಾಗೆ, ನನಗೆ ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಎಂದೆ. ಧನ್ಯವಾದ ಹೇಳಿ ಕುಳಿತೆ.

ಪಾರ್ಕಿಂಗ್ ಲಾಟಿನಲ್ಲಿ ಅವಳು ಸಿಕ್ಕಳು. “ಚೆನ್ನಾಗಿ ಮಾತಾಡಿದ್ರಿ ಆಂಟಿ” ಎಂದಳು. ಕಾರಿನ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡಳು.

ನಾನು ಏನಂದೆ ಎಂದು ಟೀಚರಂತೆ ಯಾರನ್ನಾದರೂ ಕೇಳುವ ಸ್ಥಿತಿಯೂ ನನ್ನದಲ್ಲ. ಅಂದದ್ದೆಲ್ಲ ನನಗೆ ಚೆನ್ನಾಗಿ ಕೇಳಿಸಿತ್ತು. ಯಾಕೆಂಬುದು ಮಾತ್ರ ಈಗಲೂ ತಿಳಿದಿಲ್ಲ. ತಿಳಿದಿದ್ದರೆ ಅವರ ವಿಷಯವೂ ತಿಳಿಯುತ್ತಿತ್ತು.

ಭಾನುವಾರ ತಿಂಡಿಯಾದ ಮೇಲೆ, ಫೋನ್ ಮಾಡುತ್ತಿದ್ದ ಹೊತ್ತಿಗೆ, ಶಾಲನ್ನು ಹರಡಿ ಕಲೆಯನ್ನು ಕಂಡೆ. ಉಜ್ಜಲಿಲ್ಲ. ಅಂಚಿಗೆ ಅಂಚು ಸೇರಿಸಿ ಮಡಿಸಿ, ನನ್ನ ಸೀರೆಗಳ ನಡುವೆ ಇಟ್ಟೆ. ಸಂಜೆ ಸಂಘದ ಗುಂಪಿನಲ್ಲಿ ಮೆಸೇಜ್ ಬಂತು. ಮುಂದಿನ ತಿಂಗಳು ಇನ್ನೊಬ್ಬ ಟೀಚರಿಗೆ ಸನ್ಮಾನ, ಯಾರ ಬಳಿಯಾದರೂ ಒಳ್ಳೆಯ ಶಾಲು ಇದೆಯೇ ಎಂದು. ನಾನು ಯಾವಾಗಲೂ ಉತ್ತರಿಸುವುದರಲ್ಲಿ ಮೊದಲಿಗಳು.

‘ನನ್ನ ಹತ್ತಿರ ಇಲ್ಲ’ ಎಂದು ಬರೆದೆ. ಅದರ ಕೆಳಗೆ, ‘ಈ ಸಲ ಅವರಿಗೆ ಶಾಲಿನ ಬದಲು ಬೇರೆ ಏನು ಕೊಡಬಹುದು?’ ಎಂದು ಬರೆದೆ.